ದ್ರಾಕ್ಷಾಮದ್ಯದ ರುಚಿಪರೀಕ್ಷೆಯೂ ನಮ್ಮ ಆಲೆಮನೆಯ ಬೆಲ್ಲವೂ

ಕಳೆದ ಪುಷ್ಯಮಾಸದಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಗ್ರಾಮಕ್ಕೆ ನಾನು ಸರ್ಕೀಟು ಹೋಗಿದ್ದಾಗ, ರಾಗಿಯ ಕಣದ ಬಳಿ ಕುಳಿತಿದ್ದ ವೃದ್ಧ ರೈತರೊಬ್ಬರು ನನ್ನನ್ನು ಕರೆದು ಒಂದು ಪ್ರಶ್ನೆಯನ್ನು ಕೇಳಿದರು. "ಸ್ವಾಮಿ, ನಮ್ಮ ಹುಡುಗ ಬೆಂಗಳೂರಿಂದ ಬಂದಾಗಲೆಲ್ಲ ಒಂದೇ ಸಮನೆ ಹೇಳ್ತಾನೆ. ಮೇಲಿನ ನಾಲ್ಕೆಕರೆ ಕೆಂಪು ನೆಲಕ್ಕೆ ವೈನು ಮಾಡೋ ದ್ರಾಕ್ಷಿ ಹಾಕಾಣ, ಸಾಲ ಸಿಗ್ತದೆ ಅಂತ. ನೀವು ಏನಂತೀರಿ?"

ಆ ಕ್ಷಣದಲ್ಲಿ ನಾನು ಅವರಿಗೆ ಉತ್ತರ ಕೊಡಲಾರದೆ ಹೋದೆನು. ತಿನ್ನುವ ದ್ರಾಕ್ಷಿಯ ವಿಷಯದಲ್ಲಿ ಅಲ್ಪಸ್ವಲ್ಪ ತಿಳಿದಿದ್ದರೂ, ಮದ್ಯಕ್ಕಾಗಿ ಬೆಳೆಯತಕ್ಕ ದ್ರಾಕ್ಷಿಯನ್ನು ನಾನು ಸಮೀಪದಿಂದ ಕಂಡವನಲ್ಲ. ಕಾಣದ ಬೆಳೆಗೆ ಸಲಹೆ ಕೊಡುವುದು ನಮ್ಮಂಥವರಿಗೆ ಹೊಸದೇನೂ ಅಲ್ಲವಾದರೂ, ನೆಲದ ಮೇಲೆ ಸಾಲವೆತ್ತಲು ಹೊರಟಿರುವ ಒಕ್ಕಲಿನ ಮುಂದೆ ಆ ಚಾಳಿ ತರವಲ್ಲವೆಂದು ತೋರಿತು. "ಒಂದು ತಿಂಗಳು ತಾಳಿ ಗೌಡರೆ, ಕಣ್ಣಾರೆ ನೋಡಿಕೊಂಡು ಬಂದು ಹೇಳುತ್ತೇನೆ" ಎಂದು ಬಿನ್ನವಿಸಿ ಹೊರಟು ಬಂದೆನು. ಮಾಘಮಾಸದಲ್ಲಿ ನಂದಿಬೆಟ್ಟದ ತಪ್ಪಲಿನ ಒಂದು ದ್ರಾಕ್ಷಾತೋಟದಲ್ಲಿ ಶನಿವಾರ ಭಾನುವಾರಗಳೆರಡು ದಿನ ಒಂದೇ ತಳಿಯ ಕೆಂಪು ದ್ರಾಕ್ಷಾಮದ್ಯದ ರುಚಿಪರೀಕ್ಷೆ ನಡೆಯುವುದೆಂದು ಕೇಳಿ, ರಜೆ ಪಡೆದು, ಸ್ವಂತ ಖರ್ಚಿನಿಂದಲೇ ಅಲ್ಲಿಗೆ ಹೋದೆನು. ಅಲ್ಲಿ ಕಂಡದ್ದನ್ನೂ, ಕಂಡ ಮೇಲೆ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳ ರೈತಬಾಂಧವರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳಿತು. ನಾನು ಮದ್ಯಪಾನ ಮಾಡುವವನಲ್ಲ. ಮಾಡಿರೆಂದು ಈ ಪತ್ರಿಕೆಯ ಮೂಲಕ ಯಾರಿಗೂ ಬೋಧಿಸುವವನೂ ಅಲ್ಲ. ಆ ಎರಡು ದಿನಗಳಲ್ಲಿಯೂ ನಾನು ಬಾಯಿಗಿಟ್ಟದ್ದನ್ನೆಲ್ಲ ಉಗುಳಿದ್ದೇನೆ. ಇದು ನನ್ನೊಬ್ಬನ ಮಡಿವಂತಿಕೆಯೆಂದು ವಾಚಕರು ಭಾವಿಸಬೇಕಾಗಿಲ್ಲ. ಬಂದಿದ್ದ ಪರೀಕ್ಷಕರೆಲ್ಲರೂ ಹಾಗೆಯೇ ಮಾಡಿದರು. ಪ್ರತಿಯೊಬ್ಬರ ಪಕ್ಕದಲ್ಲಿಯೂ ಉಗುಳುವುದಕ್ಕೆಂದೇ ಒಂದೊಂದು ಪಾತ್ರೆಯನ್ನು ಇಟ್ಟಿದ್ದರು. ನುಂಗಿದರೆ ನಾಲ್ಕನೆಯ ಲೋಟದ ವೇಳೆಗೆ ನಾಲಗೆಯ ನ್ಯಾಯ ಕೆಟ್ಟುಹೋಗುತ್ತದೆಯೆಂಬುದು ಅವರ ಅನುಭವ. ನಾನು ಮನೆಗೆ ಹಿಂದಿರುಗಿ ಈ ಸಂಗತಿಯನ್ನು ಹೇಳಿದಾಗ, ಅಷ್ಟು ದೂರ ಹೋಗಿ ಉಗುಳಿ ಬರುವುದಕ್ಕೆ ಎರಡು ದಿನದ ರಜೆ ಬೇಕಾಯಿತೆ ಎಂದು ಮನೆಯವರು ನಕ್ಕರು.

ಪರೀಕ್ಷೆಗೆ ಆರಿಸಿದ್ದ ತಳಿಯ ಹೆಸರು ಶಿರಾಜ್. ಇದೇ ಹೆಸರಿನ ಪಟ್ಟಣ ಪರ್ಷಿಯಾ ದೇಶದಲ್ಲಿರುವುದರಿಂದ, ದ್ರಾಕ್ಷಿಯೂ ಅಲ್ಲಿಂದಲೇ ಬಂದಿತೆಂಬ ಕಥೆಯೊಂದು ಬಹುಕಾಲ ಪ್ರಚಾರದಲ್ಲಿತ್ತು. ಅದು ಬರಿಯ ಕಥೆ. ಹಿಂದಿನ ಶತಮಾನದ ಕೊನೆಯಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ರಾನ್ಸ್ ದೇಶದ ವಿಜ್ಞಾನಿಗಳು ಬಳ್ಳಿಯ ವಂಶತಂತುವನ್ನು ಪರೀಕ್ಷಿಸಿ, ಇದರ ತಂದೆತಾಯಿಗಳೆರಡೂ ಫ್ರಾನ್ಸಿನ ಆಗ್ನೇಯ ಭಾಗದ ಹಳೆಯ ತಳಿಗಳೆಂದು ಸಿದ್ಧಪಡಿಸಿದರು. ನಮ್ಮ ರಾಜ್ಯದಲ್ಲಿ ಯೂರೋಪಿನ ಇಂಥ ತಳಿಗಳನ್ನು ಮದ್ಯಕ್ಕಾಗಿ ಗಂಭೀರವಾಗಿ ಬೆಳೆಯಲಾರಂಭಿಸಿದ್ದು ೧೯೮೦ರ ದಶಕದ ಕೊನೆಯಿಂದ ಈಚೆಗೆ. ನಂದಿಬೆಟ್ಟದ ತಪ್ಪಲೇ ಅದಕ್ಕೆ ಮೊದಲ ನೆಲೆಗಳಲ್ಲೊಂದಾಯಿತು. ೨೦೦೭ರಲ್ಲಿ ಸರ್ಕಾರವು ದ್ರಾಕ್ಷಿ ಸಂಸ್ಕರಣೆ ಮತ್ತು ದ್ರಾಕ್ಷಾಮದ್ಯ ನೀತಿಯನ್ನು ಜಾರಿಗೆ ತಂದು ಒಂದು ಮಂಡಲಿಯನ್ನೂ ಸ್ಥಾಪಿಸಿದ ಮೇಲೆ ತೋಟಗಳು ಹೆಚ್ಚಿದವು. ಆಗಿನಿಂದ ನಂದಿ ಕಣಿವೆ, ಕೃಷ್ಣಾ ಕಣಿವೆಗಳೊಡನೆ ನಮ್ಮ ಕಾವೇರಿ ಕಣಿವೆಯ ಹೆಸರನ್ನೂ ಸೇರಿಸಿ ಹೇಳುವುದುಂಟು. ಗೌಡರ ಮಗನ ಕಿವಿಗೆ ಬಿದ್ದಿದ್ದುದು ಬಹುಶಃ ಇದೇ ಇರಬೇಕು.

ಬೆಂಗಳೂರು ನೀಲಿ ದ್ರಾಕ್ಷಿ ಇದ್ದೇ ಇದೆಯಲ್ಲ, ಅದರಿಂದ ಮಾಡಬಾರದೆ ಎಂದು ಕೆಲವರು ಕೇಳಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಸುತ್ತ ಬಹುಕಾಲದಿಂದ ಬೆಳೆಯುತ್ತಿರುವ, ೨೦೧೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನೂ ಪಡೆದ ಆ ತಳಿಯು ರಸಕ್ಕೂ ಜಾಮಿಗೂ ಸಿಹಿಮದ್ಯಕ್ಕೂ ಉತ್ತಮವಾದುದು. ಆದರೆ ಅದರಲ್ಲಿರುವುದು ಅಮೆರಿಕದ ಕಾಡುದ್ರಾಕ್ಷಿಯ ರಕ್ತ. ಅದರ ತೀಕ್ಷ್ಣವಾದ ಪರಿಮಳವನ್ನು ಯೂರೋಪಿನವರು ಒಪ್ಪುವುದಿಲ್ಲ. ಅದೇ ಕುಲದ ಇಸಬೆಲ್ಲಾ ಎಂಬ ತಳಿಯಿಂದ ಮದ್ಯ ಮಾಡಿ ಮಾರುವುದನ್ನು ಅಲ್ಲಿನ ಕಾನೂನೇ ನಿಷೇಧಿಸಿದೆ. ನಮ್ಮ ಬಾಯಿಗೆ ಹಿತವಾದದ್ದು ಅವರ ಕಾನೂನಿಗೆ ಅಪಥ್ಯ. ಅವರವರ ನಾಲಗೆ ಅವರವರದು.

ಈಗ ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಏಕೆಂದರೆ ನನ್ನ ಮನಸ್ಸನ್ನು ಸೆಳೆದದ್ದು ಮದ್ಯವಲ್ಲ, ಈ ಕ್ರಮ. ಬಿಳಿಯ ವಸ್ತ್ರವನ್ನು ಹಾಸಿದ ಉದ್ದನೆಯ ಮೇಜು. ಪ್ರತಿಯೊಬ್ಬರ ಮುಂದೆಯೂ ಆರು ಗಾಜಿನ ಲೋಟಗಳು. ಆರರಲ್ಲಿಯೂ ಶಿರಾಜೇ, ಆರೂ ಒಂದೇ ವರ್ಷದ ಬೆಳೆ, ಒಂದೇ ಉಗ್ರಾಣದಲ್ಲಿ, ಒಬ್ಬರ ಕೈಯಿಂದಲೇ, ಒಂದೇ ರೀತಿಯಲ್ಲಿ ಹುದುಗೆಬ್ಬಿಸಿ ತಯಾರಾದವು. ಬೇರೆಯಾಗಿದ್ದುದು ನೆಲ ಮತ್ತು ಬೇಸಾಯ ಮಾತ್ರ. ಒಂದು ಗರಸು ನೆಲದ ಇಳಿಜಾರಿನದು, ಇನ್ನೊಂದು ಕೆರೆಯ ಹಿಂದಿನ ಜಿಗಟು ಮಣ್ಣಿನದು. ಒಂದಕ್ಕೆ ನೀರು ಹೆಚ್ಚು, ಒಂದಕ್ಕೆ ಕಡಮೆ. ಒಂದನ್ನು ಹತ್ತು ದಿನ ಮುಂಚಿತವಾಗಿ ಕೊಯ್ದದ್ದು, ಮತ್ತೊಂದರಲ್ಲಿ ಗೊಂಚಲುಗಳನ್ನು ಕೀಳದೆ ಭಾರವಾಗಿ ಬಿಟ್ಟದ್ದು. ಯಾವ ಲೋಟದಲ್ಲಿ ಯಾವುದೆಂಬುದು ಯಾರಿಗೂ ತಿಳಿಯದು. ಲೋಟದ ಕೆಳಗೆ ಸಂಖ್ಯೆ ಮಾತ್ರ. ಮೊದಲು ಬಣ್ಣವನ್ನು ಬಿಳಿಯ ವಸ್ತ್ರಕ್ಕೆ ಹಿಡಿದು ನೋಡಬೇಕು. ಆಮೇಲೆ ಲೋಟವನ್ನು ಮೆಲ್ಲನೆ ತಿರುಗಿಸಿ ಮೂಸಬೇಕು. ಬಳಿಕ ಒಂದು ಗುಟುಕನ್ನು ಬಾಯಲ್ಲಿ ನಿಲ್ಲಿಸಿ, ನಾಲಗೆಯ ತುದಿ, ಅಂಚು, ಒಸಡುಗಳಿಗೆಲ್ಲ ತಾಗಿಸಿ ಉಗುಳಬೇಕು. ಉಗುಳಿದ ಮೇಲೆ ರುಚಿ ಎಷ್ಟು ಹೊತ್ತು ನಿಲ್ಲುವುದೆಂದು ಗಮನಿಸಬೇಕು. ಒಟ್ಟು ೨೦ ಅಂಕಗಳು. ಒಂದೊಂದು ಲೋಟ ಮುಗಿದ ಮೇಲೆ ಉಪ್ಪಿಲ್ಲದ ರೊಟ್ಟಿಯ ಚೂರನ್ನೂ ನೀರನ್ನೂ ಸೇವಿಸಿ ಬಾಯಿಯನ್ನು ಶುದ್ಧಮಾಡಿಕೊಳ್ಳಬೇಕು. ಮಾತನಾಡಕೂಡದು.

ಹೆಸರನ್ನು ಮರೆಮಾಡುವುದರ ಮಹಿಮೆ ಲೋಕಕ್ಕೆ ಚೆನ್ನಾಗಿ ತಿಳಿದದ್ದು ೧೯೭೬ನೆಯ ಮೇ ೨೪ರಂದು. ಆ ದಿನ ಪ್ಯಾರಿಸ್ ನಗರದಲ್ಲಿ ಒಬ್ಬ ಆಂಗ್ಲ ವರ್ತಕರು ಫ್ರೆಂಚ್ ತೀರ್ಪುಗಾರರ ಮುಂದೆ ಫ್ರಾನ್ಸಿನ ಪ್ರಖ್ಯಾತ ಮದ್ಯಗಳನ್ನೂ, ಆಗ ಯಾರೂ ಗಣಿಸದಿದ್ದ ಕ್ಯಾಲಿಫೋರ್ನಿಯಾದ ಮದ್ಯಗಳನ್ನೂ ಹೆಸರು ಹೇಳದೆ ಇಟ್ಟರು. ಕೆಂಪು ಬಿಳಿ ಎರಡರಲ್ಲಿಯೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೆ ಹೋಯಿತು. ಚೀಟಿ ಕಾಣುತ್ತಿದ್ದರೆ ಹೀಗಾಗುತ್ತಿತ್ತೆ?

ನನ್ನ ಅನನುಭವಿ ನಾಲಗೆಗೆ ಮೊದಲಿನ ಎರಡು ಲೋಟಗಳಲ್ಲಿ ಭೇದವೇ ತಿಳಿಯಲಿಲ್ಲ. ಮೂರನೆಯದಕ್ಕೆ ಬಂದಾಗ ಏನೋ ಹೊಳೆದಂತಾಯಿತು. ಪಕ್ವವಾದ ನೇರಿಳೆಹಣ್ಣಿನ ಒಗರು, ಅದರ ಹಿಂದೆಯೇ ಕರಿಮೆಣಸಿನ ವಾಸನೆ. ಇದು ನನ್ನ ಭ್ರಮೆಯಿರಬೇಕೆಂದು ಪಕ್ಕದವರನ್ನು ಆಮೇಲೆ ಕೇಳಿದರೆ, ಭ್ರಮೆಯಲ್ಲವೆಂದೂ, ಮೆಣಸಿನಲ್ಲಿರುವ ರೊಟಂಡೋನ್ ಎಂಬ ದ್ರವ್ಯವೇ ಶಿರಾಜ್ ಹಣ್ಣಿನ ಸಿಪ್ಪೆಯಲ್ಲಿಯೂ ಇರುವುದನ್ನು ಆಸ್ಟ್ರೇಲಿಯಾದ ಸಂಶೋಧಕರು ೨೦೦೮ರಲ್ಲಿ ಪ್ರಕಟಿಸಿದರೆಂದೂ ತಿಳಿಯಿತು. ಐದನೆಯ ಲೋಟ ನೀರುನೀರಾಗಿ, ಹಸಿಯ ಸೊಪ್ಪನ್ನು ಹಿಂಡಿದಂತಿತ್ತು. ಎಲ್ಲರ ಅಂಕಗಳನ್ನೂ ಕೂಡಿಸಿ ಸಂಖ್ಯೆಗಳನ್ನು ಬಿಡಿಸಿದಾಗ, ಮೂರನೆಯದು ಗರಸು ನೆಲದ್ದು. ಐದನೆಯದು ಗೊಂಚಲನ್ನು ಭಾರವಾಗಿ ಬಿಟ್ಟ ತಾಕಿನದು. ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟ ತಾಕು ಎಲ್ಲಕ್ಕಿಂತ ಕಡಮೆ ಅಂಕ ಪಡೆಯಿತು. ಆ ತಾಕನ್ನು ಬೇಸಾಯ ಮಾಡಿದ ರೈತರು ಅದೇ ಮೇಜಿನಲ್ಲಿ ನನ್ನ ಎದುರಿಗೇ ಕುಳಿತು, ತಾವೂ ಸವಿದು, ತಮ್ಮದೆಂದು ತಿಳಿಯದೆ ಅದಕ್ಕೆ ಎಲ್ಲರಿಗಿಂತ ಕಡಮೆ ಅಂಕ ಹಾಕಿದ್ದರು!

ಮರುದಿನ ಬೆಳಗ್ಗೆ ತೋಟಕ್ಕೆ ಕರೆದೊಯ್ದರು. ನಮ್ಮ ಹವೆಯಲ್ಲಿ ಬಳ್ಳಿ ಮಲಗುವುದಿಲ್ಲವಾದ್ದರಿಂದ ವರ್ಷಕ್ಕೆ ಎರಡು ಸಲ, ಬೇಸಗೆಯಲ್ಲಿ ಒಮ್ಮೆ ಕಡ್ಡಿ ಬಲಿಯಲೆಂದೂ, ಮಳೆಗಾಲದ ಕೊನೆಯಲ್ಲಿ ಒಮ್ಮೆ ಫಲಕ್ಕೆಂದೂ ಸವರಿ, ಫೆಬ್ರವರಿ ಮಾರ್ಚಿಯಲ್ಲಿ ಒಂದೇ ಬೆಳೆ ತೆಗೆಯುತ್ತಾರೆ. ಕೊಯ್ಲಿನ ದಿನವನ್ನು ಗೊತ್ತುಮಾಡಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರಿನಿಂದ ರಸದ ಸಕ್ಕರೆಯನ್ನು ಅಳೆಯುತ್ತಾರೆ. ೨೨ರಿಂದ ೨೪ ಬ್ರಿಕ್ಸ್ ಬರಬೇಕು. ಆದರೆ ತೋಟದ ಮೇಸ್ತ್ರಿ ಆ ಯಂತ್ರವನ್ನು ನೋಡಿಯೂ ನೋಡದಂತೆ ಜೇಬಿಗೆ ಹಾಕಿಕೊಂಡು, ಒಂದು ಹಣ್ಣನ್ನು ಬಾಯಿಗೆ ಹಾಕಿ, ಬೀಜವನ್ನು ಕಟಕಟನೆ ಕಡಿದನು. ಬೀಜ ಕಂದುಬಣ್ಣಕ್ಕೆ ತಿರುಗಿ, ಹುರಿಗಡಲೆಯಂತೆ ಮುರಿದರೆ ಹಣ್ಣು ಸಿದ್ಧ. ಹಸಿರಾಗಿ ಕಹಿಯಾಗಿದ್ದರೆ ಯಂತ್ರ ಏನೇ ಹೇಳಲಿ, ಕಾಯಬೇಕು. ಕಬ್ಬಿನ ಬುಡಕ್ಕೂ ತುದಿಗೂ ಇದೇ ಯಂತ್ರವನ್ನು ಹಿಡಿದು ಪಕ್ವತೆಯನ್ನು ಲೆಕ್ಕಹಾಕುವುದನ್ನು ರೈತರಿಗೆ ಎಷ್ಟೋ ವರ್ಷಗಳಿಂದ ಹೇಳಿಕೊಡುತ್ತಿರುವ ನಾನು, ಒಂದು ಸಲವಾದರೂ ಅವರ ಕಬ್ಬನ್ನು ಅಗಿದು ನೋಡಿ ಅಭಿಪ್ರಾಯ ಹೇಳಿದ್ದೆನೆ ಎಂದು ಆಲೋಚಿಸುತ್ತ ಆ ಸಾಲುಗಳ ನಡುವೆ ನಿಂತೆನು.

ನಾಗಮಂಗಲದ ಗೌಡರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ಅದೇ ಪ್ರಶ್ನೆ ಇತರರ ಮನಸ್ಸಿನಲ್ಲಿಯೂ ಇರಬಹುದು. ಅವರ ನೆಲ ಕೆಟ್ಟದ್ದಲ್ಲ. ನೀರು ಬಸಿದು ಹೋಗುವ ಕೆಂಪು ಗರಸು ಮಣ್ಣನ್ನು ಈ ಬಳ್ಳಿ ಬಯಸುತ್ತದೆ. ಕಾಲುವೆಯ ಕೆಳಗಿನ ಜೌಗು ಗದ್ದೆಗಳಲ್ಲಾದರೋ ಅದರ ಹೆಸರನ್ನೂ ಎತ್ತಬಾರದು. ಆದರೆ ನಂದಿಯ ತಪ್ಪಲಿಗಿಂತ ನಾಗಮಂಗಲ ತಗ್ಗಿನ ಪ್ರದೇಶ; ರಾತ್ರಿಯ ತಂಪು ಅಷ್ಟಿಲ್ಲ. ಅಲ್ಲದೆ ನಮ್ಮ ಸೀಮೆಯಲ್ಲಿ ಭಾದ್ರಪದ ಆಶ್ವೀಜಗಳ ಮಳೆಯೇ ದೊಡ್ಡ ಮಳೆ. ಫಲಕ್ಕೆಂದು ಸವರಿದ ಬಳ್ಳಿ ಎಳೆಯ ಚಿಗುರು ಬಿಡುವ ಹೊತ್ತಿಗೆ ಆ ಮಳೆ ಹಿಡಿದರೆ ಬೂಜುರೋಗ ತಪ್ಪದು. ಅಡಿಕೆಯ ಕೊಳೆರೋಗಕ್ಕೆ ನಾವು ಸಿಂಪಡಿಸುವ ಬೋರ್ಡೋ ದ್ರಾವಣವು ಹುಟ್ಟಿದ್ದೇ ದ್ರಾಕ್ಷಿಯ ಈ ಬೂಜಿನಿಂದ. ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕದಿಯದಂತೆ ಬೇಲಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದಿರುವುದನ್ನು ಕಂಡು ಮಿಲ್ಲಾರ್ಡೆ ಎಂಬ ಪಂಡಿತನು ೧೮೮೫ರಲ್ಲಿ ಔಷಧವನ್ನು ಪ್ರಕಟಿಸಿದನು. ಅದನ್ನೇ ಮುಂದೆ ಮೈಸೂರು ಸಂಸ್ಥಾನದ ಅಡಿಕೆಯ ತೋಟಗಳಿಗೆ ತಂದು ಪ್ರಚುರಪಡಿಸಿದವರು ಡಾಕ್ಟರ್ ಕೋಲ್ಮನ್ನರು. ಕಳ್ಳರ ಭಯದಿಂದ ಲೋಕಕ್ಕೆ ಲಾಭವಾದ ಉದಾಹರಣೆ ಇದಕ್ಕಿಂತ ಬೇರೆ ನನಗೆ ತಿಳಿಯದು.

ಇದಕ್ಕಿಂತಲೂ ದೊಡ್ಡ ತೊಡಕು ಬೇರೆ ಇದೆ. ಕಂಬ, ತಂತಿ, ಹನಿನೀರಾವರಿ, ಕಸಿಮಾಡಿದ ಸಸಿಗಳಿಗೆ ಮೊದಲೇ ಹಣ ಸುರಿದು, ಸರಿಯಾದ ಫಲಕ್ಕೆ ಎರಡು ಮೂರು ವರ್ಷ ಕಾಯಬೇಕು. ಫಲ ಬಂದ ಮೇಲೆ ಈ ಹಣ್ಣನ್ನು ಸಂತೆಯಲ್ಲಿ ಮಾರುವಂತಿಲ್ಲ. ಚಿಕ್ಕ ಕಾಯಿ, ದಪ್ಪ ಸಿಪ್ಪೆ, ತುಂಬ ಬೀಜ, ತಿನ್ನುವವರು ಕೊಳ್ಳರು. ಕೊಳ್ಳತಕ್ಕ ಕಾರ್ಖಾನೆ ಒಂದೇ ಒಂದು, ಅದೂ ಬೇಡವೆಂದರೆ ಹಣ್ಣು ಬಳ್ಳಿಯ ಮೇಲೆಯೇ ಒಣಗಬೇಕು. ಆದುದರಿಂದ, ಮದ್ಯದ ಕಾರ್ಖಾನೆಯವರು ಹಲವು ವರ್ಷಗಳ ಬೆಲೆಯನ್ನು ಗೊತ್ತುಮಾಡಿ ಬರೆಹದಲ್ಲಿ ಕರಾರು ಕೊಟ್ಟ ಹೊರತು ಒಂದು ಕುಂಟೆಗೂ ಈ ಬಳ್ಳಿಯನ್ನು ಹಾಕಬೇಡಿರೆಂದು ಗೌಡರಿಗೆ ಹೇಳಿದೆನು. ಮಗನಿಗೆ ಅಷ್ಟೇನೂ ಸಮಾಧಾನವಾಗಲಿಲ್ಲ. "ಹಂಗಾರೆ ಅಲ್ಲಿಗೆ ಹೋಗಿದ್ದು ದಂಡವಾಯ್ತಲ್ಲ ಸಾರ್" ಎಂದನು.

ದಂಡವಾಗಲಿಲ್ಲವೆಂಬುದನ್ನು ವಿವರಿಸಲು ನಾನು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಹನ್ನೆರಡು ವರ್ಷಗಳ ಹಿಂದೆ ಒಂದು ಜಾತ್ರೆಯ ವಸ್ತುಪ್ರದರ್ಶನದಲ್ಲಿ ಬೆಲ್ಲಕ್ಕೆ ಬಹುಮಾನ ಕೊಡತಕ್ಕ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತಕ್ಕೂ ಹೆಚ್ಚು ತಟ್ಟೆಗಳಿದ್ದವು. ನಾನು ಸಾಲಾಗಿ ನಡೆದು ಹೋಗಿ, ಚಿನ್ನದಂತೆ ಹೊಳೆಯುತ್ತಿದ್ದ ಹಳದಿ ಅಚ್ಚುಬೆಲ್ಲಕ್ಕೆ ಮೊದಲ ಬಹುಮಾನವನ್ನು ಬರೆದೆನು. ಒಂದು ಚೂರನ್ನೂ ಬಾಯಿಗೆ ಹಾಕಲಿಲ್ಲ. ಸಾಲಿನ ಕೊನೆಯಲ್ಲಿ ಕಂದುಬಣ್ಣದ ಬೆಲ್ಲವನ್ನಿಟ್ಟುಕೊಂಡು ನಿಂತಿದ್ದ ಮಧ್ಯವಯಸ್ಸಿನ ರೈತರು "ಸ್ವಾಮಿ, ಒಂದು ಚೂರು ತಿಂದು ನೋಡಿ" ಎಂದು ಅಂಗೈಯಲ್ಲಿ ಹಿಡಿದು ಕೊಟ್ಟರು. ಹೊತ್ತಾಯಿತೆಂದು ನಾನು ಮುಂದೆ ನಡೆದೆನು. ಮರುವರ್ಷ ಅದೇ ರೈತರ ಆಲೆಮನೆಗೆ ಕಾರ್ಯಾರ್ಥವಾಗಿ ಹೋದಾಗ, ಕೊಪ್ಪರಿಗೆಯ ಪಕ್ಕದಲ್ಲಿ ಬಿಳಿಯ ಪುಡಿಯ ಡಬ್ಬಿಯೊಂದು ಇತ್ತು. ನಾನು ಅದನ್ನು ನೋಡಿದ್ದನ್ನು ಅವರು ನೋಡಿದರು. "ನೀವು ಕೇಳಿದ ಬಣ್ಣ ಬರ್ಬೇಕಲ್ಲ ಸ್ವಾಮಿ" ಎಂದಷ್ಟೇ ಹೇಳಿ ಪಾಕವನ್ನು ತಿರುವತೊಡಗಿದರು.

ಆ ಬಿಳಿಯ ಪುಡಿಯೇ ಹೈಡ್ರೋಸು. ಸೋಡಿಯಂ ಹೈಡ್ರೋಸಲ್ಫೈಟ್ ಎಂಬುದು ಅದರ ಪೂರ್ಣನಾಮ. ಬಟ್ಟೆಯ ಬಣ್ಣ ತೆಗೆಯುವ ಈ ರಾಸಾಯನಿಕವನ್ನು ಕಾಯುತ್ತಿರುವ ಕಬ್ಬಿನ ಹಾಲಿಗೆ ಹಾಕಿದರೆ ಬೆಲ್ಲ ತತ್ಕಾಲಕ್ಕೆ ಹಳದಿಯಾಗುತ್ತದೆ. ಕೆಲವು ವಾರಗಳು ಕಳೆದರೆ ಆ ಬಣ್ಣ ಮತ್ತೆ ಕಂದುವುದು. ಗಂಧಕದ ಶೇಷ ಮಾತ್ರ ಒಳಗೆ ಉಳಿಯುವುದು. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡು ಹತ್ತು ಲಕ್ಷ ಭಾಗಕ್ಕೆ ೭೦ ಭಾಗವನ್ನು ಮೀರಬಾರದೆಂದು ನಿಯಮವಿದೆ. ಆಲೆಮನೆಯಲ್ಲಿ ಇದನ್ನು ತೂಗಿ ಹಾಕುವವರು ಯಾರು? ಕೈಯಿಂದ ಎರಚುತ್ತಾರೆ. ನ್ಯಾಯಕ್ಕಾಗಿ ಹೇಳಬೇಕಾದರೆ, ದ್ರಾಕ್ಷಾಮದ್ಯಕ್ಕೂ ಗಂಧಕವನ್ನು ಬಳಸುವುದುಂಟು. ಆದರೆ ಅದನ್ನು ಅಳೆದು ಬಳಸಿ, ಶೀಶೆಯ ಚೀಟಿಯ ಮೇಲೆ ನಮೂದಿಸುತ್ತಾರೆ. ಸಕ್ಕರೆ ಅಗ್ಗವಾದ ದಿನಗಳಲ್ಲಿ ಕೊಪ್ಪರಿಗೆಗೆ ಸಕ್ಕರೆಯ ಮೂಟೆಯನ್ನೇ ಸುರಿಯುವವರೂ ಇದ್ದಾರೆಂಬುದು ಯಾರಿಗೂ ತಿಳಿಯದ ಸಂಗತಿಯಲ್ಲ. ಆದರೆ ಇಲ್ಲಿ ರೈತನನ್ನೊಬ್ಬನನ್ನೇ ದೂರುವುದು ಸುಲಭ. ಮಾರುಕಟ್ಟೆಯಲ್ಲಿ ಬೆಲ್ಲಕ್ಕೆ ಬೆಲೆ ಕಟ್ಟುವುದು ಕಣ್ಣು. ಅಚ್ಚು, ಬಕೆಟ್, ಕುರಿಕಾಲಚ್ಚು ಎಂದು ಆಕಾರದಿಂದ ಹೆಸರಿಟ್ಟು, ಬಣ್ಣ ನೋಡಿ ಕೂಗುತ್ತಾರೆ. ಕಬ್ಬು ಯಾವ ತಳಿ, ಯಾವ ನೆಲ, ಎಷ್ಟು ತಿಂಗಳು, ತನಿಯೋ ಕೂಳೆಯೋ ಎಂದು ಕೇಳುವವರಿಲ್ಲ. ನಮ್ಮ ಇಲಾಖೆಯವರಾದ ನಾವೂ ಎಕರೆಗೆ ಎಷ್ಟು ಟನ್ನು ಎಂಬುದನ್ನಲ್ಲದೆ ಬೇರೊಂದನ್ನು ಕೇಳಿದವರಲ್ಲ.

ವಾಸ್ತವವಾಗಿ ನಮ್ಮ ಪೂರ್ವಿಕರು ಕೇಳುತ್ತಿದ್ದರು. ೧೮೦೦ರಲ್ಲಿ ಬುಕಾನನ್ ಎಂಬ ವೈದ್ಯನು ಶ್ರೀರಂಗಪಟ್ಟಣದ ಸುತ್ತ ಸಂಚರಿಸಿ, ಅಲ್ಲಿನ ಭತ್ತದ ತಳಿಗಳನ್ನು ಒಂದೊಂದಾಗಿ ವಿಚಾರಿಸಿ ಬರೆದುಕೊಂಡಿದ್ದಾನೆ. ಕೆಂಬತ್ತಿಯ ಹೆಸರು ಹೊತ್ತ ಭತ್ತಗಳು ಆ ಪಟ್ಟಿಯಲ್ಲಿವೆ. ಅನ್ನಕ್ಕೆ ಒಂದು, ಅವಲಕ್ಕಿಗೆ ಒಂದು, ಬಾಣಂತಿಗೆ ಒಂದು ಎಂದು ಭತ್ತವನ್ನು ಆರಿಸುತ್ತಿದ್ದ ಜನರ ಮೊಮ್ಮಕ್ಕಳು ನಾವು. ರಾಜಮುಡಿಯ ಅನ್ನದ ರುಚಿಯನ್ನು ಹೇಳುವಾಗ ಈಗಲೂ ಮುದುಕರ ಕಣ್ಣು ಅರಳುತ್ತದೆ.

ಕಬ್ಬಿನಲ್ಲಿಯೂ ನೆಲದ ಗುಣ ಬೆಲ್ಲಕ್ಕೆ ಇಳಿಯುತ್ತದೆ. ನೀರು ನಿಂತು ಉಪ್ಪಾದ ಗದ್ದೆಯ ಕಬ್ಬಿನ ಬೆಲ್ಲ ಉಪ್ಪುಪ್ಪಾಗಿ, ಮಳೆಗಾಲದಲ್ಲಿ ಬೆವರುತ್ತದೆ. ಕಟಾವಿಗೆ ಹತ್ತಿರವಾದಾಗ ಯೂರಿಯಾ ಎರಚಿದರೆ ತೂಕ ಬರಬಹುದು. ಪಾಕ ಗಟ್ಟಿಯಾಗಲು ಒಪ್ಪುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಇರುವಷ್ಟು ನೆಲದ ವೈವಿಧ್ಯ ಬೇರೆ ಕಡೆ ಇಷ್ಟು ಹತ್ತಿರದಲ್ಲಿ ಸಿಕ್ಕುವುದು ಕಷ್ಟ. ಶ್ರೀರಂಗಪಟ್ಟಣದಲ್ಲಿ ಒಡೆಯರ ಕಾಲದ ನಾಲೆಗಳ ಕೆಳಗೆ ಶತಮಾನಗಳಿಂದ ನೀರುಂಡ ಹೊಳೆಬದಿಯ ಮೆಕ್ಕಲು. ಪಾಂಡವಪುರದಲ್ಲಿ ಕೃಷ್ಣರಾಜಸಾಗರ ಕಟ್ಟಿದ ಮೇಲೆ ವಿಶ್ವೇಶ್ವರಯ್ಯ ನಾಲೆಯಿಂದ ನೀರಾವರಿಗೆ ಬಂದ ಬಯಲು. ಕೃಷ್ಣರಾಜಪೇಟೆಯಲ್ಲಿ ಹೇಮಾವತಿಯ ಆಚೀಚೆಯ ಏರುತಗ್ಗು. ನಾಗಮಂಗಲದಲ್ಲಿ ಬಾವಿಯ ನೀರನ್ನು ಎಣಿಸಿ ಬಿಡುವ ಕೆಂಪು ನೆಲ. ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ವಿಶಿಷ್ಟ ಉತ್ಪನ್ನವೆಂದು ಕೇಂದ್ರ ಸರ್ಕಾರದ ೨೦೨೦ರ ಕಿರು ಆಹಾರೋದ್ಯಮಗಳ ಯೋಜನೆಯಲ್ಲಿ ಗೊತ್ತುಮಾಡಲಾಯಿತು. ವಿಶಿಷ್ಟವೆಂದರೆ ಏನೆಂದು ಸವಿದು ನೋಡಿದವರು ಎಷ್ಟು ಮಂದಿ?

ನನ್ನ ಸಲಹೆ ಇಷ್ಟು. ವಸ್ತುಪ್ರದರ್ಶನಗಳಲ್ಲಿ ಬೆಲ್ಲದ ಬಹುಮಾನಕ್ಕೆ ಅರ್ಧದಷ್ಟು ಅಂಕಗಳನ್ನಾದರೂ, ಹೆಸರನ್ನೂ ಬಣ್ಣವನ್ನೂ ಮರೆಮಾಡಿ, ರುಚಿಗೆಂದೇ ಇಡತಕ್ಕದ್ದು. ರಾಸಾಯನಿಕವಿಲ್ಲದೆ ಮಾಡಿದ ಬೆಲ್ಲದ ಪೊಟ್ಟಣದ ಮೇಲೆ ತಳಿ, ಊರು, ಕಾಯಿಸಿದ ದಿನ ಇವಿಷ್ಟನ್ನು ಬರೆದು ಮಾರುವ ಅಭ್ಯಾಸವನ್ನು ಆಲೆಮನೆಗಳವರು ಆರಂಭಿಸಬೇಕು. ಬರೆಯುವುದಕ್ಕೆ ಖರ್ಚಿಲ್ಲ.

ಬರಿಯ ಮಾತಿನಿಂದ ಪ್ರಯೋಜನವಿಲ್ಲವೆಂದು, ಫಾಲ್ಗುಣದಲ್ಲಿ ಪಾಂಡವಪುರ ತಾಲ್ಲೂಕಿನ ಒಂದು ಆಲೆಮನೆಯಲ್ಲಿ ಕೆಲವು ಸ್ನೇಹಿತ ರೈತರ ನೆರವಿನಿಂದ ಒಂದು ಚಿಕ್ಕ ಪರೀಕ್ಷೆಯನ್ನು ನಡೆಯಿಸಿದೆವು. ನಾಲ್ಕೂ ತಾಲ್ಲೂಕುಗಳ ಆರು ಗದ್ದೆಗಳಿಂದ ಕೋ ೬೨೧೭೫ ಎಂಬ ಒಂದೇ ತಳಿಯ ತನಿ ಕಬ್ಬನ್ನು ತರಿಸಿ, ಒಂದೇ ಕೊಪ್ಪರಿಗೆಯಲ್ಲಿ ಒಂದಾದ ಮೇಲೊಂದರಂತೆ ಕಾಯಿಸಲಾಯಿತು. ಹೈಡ್ರೋಸಿಲ್ಲ, ಮಡ್ಡಿ ತೆಗೆಯಲು ಬೆಂಡೆಗಿಡದ ಲೋಳೆ, ಸ್ವಲ್ಪ ಸುಣ್ಣ, ನೊರೆ ಇಳಿಸಲು ಒಂದು ಚಮಚ ಹರಳೆಣ್ಣೆ. ಪಾಕವನ್ನು ನೀರಿಗೆ ಬಿಟ್ಟು ನೋಡಿ ಇಳಿಸಿದವರು ಒಬ್ಬರೇ. ಮೂರನೆಯ ದಿನ ಬಾಳೆಯ ಎಲೆಯ ಮೇಲೆ ಸಂಖ್ಯೆಗಳನ್ನಿಟ್ಟು ಹನ್ನೊಂದು ಮಂದಿಯನ್ನು ಕೂರಿಸಿದೆವು. ರೈತರು, ಊರಿನ ಮದುವೆಗಳಿಗೆ ಹೋಳಿಗೆಯ ಹೂರಣ ಕಟ್ಟುವ ಇಬ್ಬರು ತಾಯಂದಿರು, ಪಾಕ ಇಳಿಸಿದವರು, ಮತ್ತು ಮಂಡಿಯ ಒಬ್ಬ ವರ್ತಕರು. ಬಣ್ಣ ಕಾಣದಂತೆ ಎಲ್ಲರ ಕಣ್ಣಿಗೂ ವಸ್ತ್ರ ಕಟ್ಟಿದೆವು. ರೊಟ್ಟಿಯ ಚೂರಿಗೆ ಬದಲಾಗಿ ಪುರಿಯನ್ನು ಇಟ್ಟಿದ್ದೆವು. ಉಗುಳುವ ಪಾತ್ರೆಯನ್ನು ಇಟ್ಟಿರಲಿಲ್ಲ. ಇಟ್ಟಿದ್ದರೂ ಯಾರೂ ಬಳಸುತ್ತಿರಲಿಲ್ಲ.

ಒಂದು ಸಲದ ಪರೀಕ್ಷೆಯಿಂದ ಸಿದ್ಧಾಂತವನ್ನು ಕಟ್ಟುವುದು ಸರಿಯಲ್ಲ. ಆದರೂ ನಡೆದದ್ದನ್ನು ಹೇಳುತ್ತೇನೆ. ಹನ್ನೊಂದು ಮಂದಿಯಲ್ಲಿ ಏಳು ಮಂದಿ ನಾಲ್ಕನೆಯ ಸಂಖ್ಯೆಗೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟರು. ಅದು ಕೃಷ್ಣರಾಜಪೇಟೆಯ ಏರುನೆಲದ ಕಬ್ಬಿನದು. ಆರರಲ್ಲಿ ಎಲ್ಲಕ್ಕಿಂತ ಕಪ್ಪಾದ ಬೆಲ್ಲ. ನಾಗಮಂಗಲದ ಕೆಂಪು ನೆಲದ್ದು ಎರಡನೆಯದಾಗಿ ಬಂದಿತು. ನಾಲೆಯ ಕೊನೆಯಲ್ಲಿ ನೀರು ನಿಂತ ಗದ್ದೆಯದನ್ನು ಹೂರಣದ ತಾಯಂದಿರಿಬ್ಬರೂ ಬಾಯಿಗಿಟ್ಟ ಕೂಡಲೇ "ಇದು ಉಪ್ಪಪ್ಪ" ಎಂದು ಪಕ್ಕಕ್ಕೆ ತಳ್ಳಿದರು. ಶ್ರೀರಂಗಪಟ್ಟಣದ ಹಳೆಯ ನಾಲೆಯ ಕೆಳಗಿನದು ಸಪ್ಪೆಯಾಗಿರುವುದೆಂದು ನಾನು ಮೊದಲೇ ಊಹಿಸಿದ್ದೆನು. ಅದು ಮೂರನೆಯ ಸ್ಥಾನಕ್ಕೆ ಬಂದು ನನ್ನ ಊಹೆಯನ್ನು ಸುಳ್ಳುಮಾಡಿತು. ಆ ರೈತರು ಕಬ್ಬಿಗೆ ಕಡೆಯ ಒಂದು ತಿಂಗಳು ನೀರು ಬಿಟ್ಟಿರಲಿಲ್ಲವೆಂದು ಆಮೇಲೆ ತಿಳಿಯಿತು.

ಕಣ್ಣಿನ ವಸ್ತ್ರವನ್ನು ಬಿಚ್ಚಿದ ಮೇಲೆ ವರ್ತಕರನ್ನು ನಾನು ಪ್ರತ್ಯೇಕವಾಗಿ ಕರೆದು, ಆರಕ್ಕೂ ಮಂಡಿಯಲ್ಲಿ ಕೂಗುವಂತೆ ಬೆಲೆ ಕೂಗಬೇಕೆಂದು ಕೇಳಿಕೊಂಡೆನು. ಅವರು ತಟ್ಟೆಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಎರಡನೆಯ ಸಂಖ್ಯೆಯ ತಿಳಿಯಾದ ಬೆಲ್ಲಕ್ಕೆ ಎಲ್ಲಕ್ಕಿಂತ ಹೆಚ್ಚಾಗಿಯೂ, ನಾಲ್ಕನೆಯದಕ್ಕೆ ಎಲ್ಲಕ್ಕಿಂತ ಕಡಮೆಯಾಗಿಯೂ ಕೂಗಿದರು. ಕಣ್ಣು ಕಟ್ಟಿದ್ದಾಗ ಅದೇ ನಾಲ್ಕನೆಯದಕ್ಕೆ ಅವರೇ ೨೦ಕ್ಕೆ ೧೮ ಅಂಕ ಕೊಟ್ಟಿದ್ದ ಚೀಟಿಯನ್ನು ತೋರಿಸಿದೆನು. ಅವರೇನೂ ನಾಚಿಕೊಳ್ಳಲಿಲ್ಲ. "ಸ್ವಾಮಿ, ನಾನು ತಿನ್ನೋದಕ್ಕೆ ಕೊಳ್ಳೋದಿಲ್ಲ, ಮಾರೋದಕ್ಕೆ ಕೊಳ್ತೀನಿ" ಎಂದರು. ಹೊರಡುವಾಗ ಮಾತ್ರ ನಾಲ್ಕನೆಯ ತಟ್ಟೆಯ ಬೆಲ್ಲವನ್ನು ಎರಡು ಕಿಲೋ ತೂಗಿಸಿ, ಮನೆಗೆಂದು ಟವಲಿನಲ್ಲಿ ಕಟ್ಟಿಸಿಕೊಂಡು ಹೋದರು.